‘ಚಾಂಪಿಯನ್’ ಗೆದ್ದದ್ದು ಯಾವ ಆಟದಲ್ಲಿ?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್, ಉರಿಗಾಂ ದಾಟಿದ ಮೇಲೆ ಒಂದು ಪುಟ್ಟ ನಿಲ್ದಾಣದಲ್ಲಿ ನಿಲ್ಲುತ್ತದೆ. ಹಳದಿ ಫಲಕದ ಮೇಲಿನ ಹೆಸರು ‘ಚಾಂಪಿಯನ್’. ಮೊದಲ ಸಲ ಈ ದಾರಿಯಲ್ಲಿ ಬರುವ ಮಕ್ಕಳಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಇಲ್ಲಿ ಯಾರು, ಯಾವ ಆಟದಲ್ಲಿ ಗೆದ್ದರು? ತಂದೆ ತಾಯಿಯರಿಗೂ ಉತ್ತರ ಗೊತ್ತಿರುವುದು ಅಪರೂಪ.

ಉತ್ತರ ಹುಡುಕಲು ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಕಾರ್ನ್‌ವಾಲ್ ಎಂಬ ಪ್ರಾಂತ್ಯಕ್ಕೆ ಹೋಗಬೇಕು. ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾದ ನಾಡು ಅದು. ಅಲ್ಲಿ ಬಂಡೆಯ ಬಿರುಕಿನಲ್ಲಿ ತುಂಬಿಕೊಂಡ ಅದಿರಿನ ಎಳೆಗೆ ‘ಲೋಡ್’ ಎನ್ನುತ್ತಾರೆ. ಈ ಪದದ ಹಳೆಯ ಅರ್ಥ ‘ದಾರಿ’. ಅದಿರಿನ ಎಳೆಯೇ ಗಣಿಗಾರನಿಗೆ ದಾರಿ ತೋರಿಸುತ್ತದೆಯಲ್ಲವೇ? ಒಂದೇ ಕಡೆ ಹಲವು ಎಳೆಗಳಿದ್ದರೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಮುಖ್ಯವಾದ ಎಳೆಯನ್ನು ಕಾರ್ನ್‌ವಾಲಿನವರು ತಮ್ಮ ಆಡುಮಾತಿನಲ್ಲಿ ‘ಚಾಂಪಿಯನ್ ಲೋಡ್’ ಎಂದು ಕರೆಯುತ್ತಿದ್ದರು. ಲ್ಯಾಟಿನ್ನಿನ ‘ಕ್ಯಾಂಪಸ್’, ಅಂದರೆ ಬಯಲು ಎಂಬ ಪದದಿಂದ ಹುಟ್ಟಿ, ಬಯಲಿನಲ್ಲಿ ಹೋರಾಡುವ ವೀರನಿಗೆ ಸಂದ ಹೆಸರು ಹೀಗೆ ನೆಲದೊಳಗಿನ ಕಲ್ಲಿಗೂ ಬಂತು.

ಆ ಪದ ಕೋಲಾರಕ್ಕೆ ಬಂದ ಬಗೆಯೂ ಸ್ವಾರಸ್ಯಕರ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದ. ಅದನ್ನು ಓದಿದ ಐರಿಷ್ ಸೈನಿಕ ಲಾವೆಲ್ 1870ರ ದಶಕದಲ್ಲಿ ಗಣಿ ತೋಡಲು ಸರ್ಕಾರದ ಅನುಮತಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ಆದರೆ ಮೊದಲ ಕೆಲವು ವರ್ಷ ಖರ್ಚಾಯಿತೇ ಹೊರತು ಚಿನ್ನ ಕಾಣಲಿಲ್ಲ. ಹಣ ಮುಗಿಯುತ್ತಾ ಬಂದಾಗ ಕ್ಯಾಪ್ಟನ್ ಪ್ಲಮ್ಮರ್ ಎಂಬಾತ ಮೈಸೂರು ಮೈನ್ಸ್‌ನಲ್ಲಿ, ಪ್ರಾಚೀನರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೆ ಅಗೆಸಿದ. ಅಲ್ಲಿ ಚಿನ್ನದ ಮುಖ್ಯ ಎಳೆ ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳ ಅದೃಷ್ಟವನ್ನು ತೆರೆದದ್ದು ಇದೇ ಎಳೆ.

ಈ ‘ಕ್ಯಾಪ್ಟನ್’ ಸೈನ್ಯದವನೂ ಅಲ್ಲ, ಹಡಗಿನವನೂ ಅಲ್ಲ. ಗಣಿಯ ಮೇಲಧಿಕಾರಿಯನ್ನು ಹಾಗೆ ಕರೆಯುವುದು ಕಾರ್ನ್‌ವಾಲಿನ ರೂಢಿ. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು, ಅಲ್ಲಿನ ಗಣಿಗಾರರು ಹೊಟ್ಟೆಪಾಡಿಗಾಗಿ ದೇಶ ದೇಶ ಅಲೆದರು. ಹೋದಲ್ಲೆಲ್ಲ ತಮ್ಮ ಕಸುಬಿನ ಮಾತುಗಳನ್ನೂ ಕೊಂಡೊಯ್ದರು. ‘ರೀಫ್’ ಪದಕ್ಕೂ ಇಂಥದೇ ಕಥೆಯಿದೆ. ಉತ್ತರ ಯೂರೋಪಿನ ಹಳೆಯ ಭಾಷೆಯಲ್ಲಿ ಅದರ ಅರ್ಥ ‘ಪಕ್ಕೆಲುಬು’. ನಾವಿಕರು ನೀರಿನಡಿಯ ಬಂಡೆಸಾಲಿಗೆ ಆ ಹೆಸರಿಟ್ಟರು. 1850ರ ದಶಕದಲ್ಲಿ ಆಸ್ಟ್ರೇಲಿಯದ ಚಿನ್ನದ ಬೇಟೆಗಾರರು ಅದನ್ನು ಚಿನ್ನವಿರುವ ಬೆಣಚುಕಲ್ಲಿನ ಎಳೆಗೆ ಬಳಸಿದರು. ಹೀಗೆ ಕಾರ್ನ್‌ವಾಲಿನ ‘ಚಾಂಪಿಯನ್’ ಮತ್ತು ಆಸ್ಟ್ರೇಲಿಯದ ‘ರೀಫ್’ ಕೋಲಾರದ ಮಣ್ಣಿನಲ್ಲಿ ಕೂಡಿಕೊಂಡು ‘ಚಾಂಪಿಯನ್ ರೀಫ್’ ಆದವು.

ಈ ಹೆಸರು ವಿಜ್ಞಾನದ ಪುಸ್ತಕಗಳಿಗೂ ಸೇರಿದೆ. ಕರ್ನಾಟಕದ ಭೂವಿಜ್ಞಾನ ಓದುವವರಿಗೆ ‘ಚಾಂಪಿಯನ್ ನೈಸ್’ ಎಂಬ ಶಿಲೆಯ ಪರಿಚಯವಿರುತ್ತದೆ. ಅದರ ಹೆಸರಿನ ಮೂಲವೂ ಇದೇ. 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹು ಸಿಕ್ಕಿದ್ದು ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಮೇಲಿನ ಬಂಡೆಯ ರಾಶಿ ಬೇರೆ ಕಣಗಳನ್ನು ತಡೆಯುತ್ತಿದ್ದುದರಿಂದಲೇ ಈ ಪ್ರಯೋಗ ಸಾಧ್ಯವಾಯಿತು.

ಗಣಿಯೊಳಗಿನ ಮಾತುಗಳಲ್ಲಿ ಇನ್ನೂ ಕೆಲವು ಇದೇ ಮನೆತನದವು. ಅದಿರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೆಗೆಯುವ ಜಾಗ ‘ಸ್ಟೋಪ್’. ಇಂಗ್ಲಿಷಿನ ‘ಸ್ಟೆಪ್’ ಇದರ ಹತ್ತಿರದ ಬಂಧು. ಒಂದು ಅಂತಸ್ತಿನಿಂದ ಕೆಳಗಿನ ಅಂತಸ್ತಿಗೆ ಇಳಿಯಲು ತೋಡಿದ ಬಾವಿ ‘ವಿಂಜ್’. ಇನ್ನು ‘ರಾಕ್ ಬರ್ಸ್ಟ್’ ಎಂದರೆ ಕಾರ್ಮಿಕರ ಮನೆಗಳಲ್ಲಿ ಹೆಂಗಸರು, ಮಕ್ಕಳು ಕೂಡ ಬೆಚ್ಚಿಬೀಳುತ್ತಿದ್ದರು. ಆಳದಲ್ಲಿ ಅಪಾರ ಒತ್ತಡಕ್ಕೆ ಸಿಕ್ಕ ಬಂಡೆ ಹಠಾತ್ತನೆ ಸಿಡಿಯುವುದೇ ರಾಕ್ ಬರ್ಸ್ಟ್. ಒಳಗಿಳಿದವರು ಮೇಲೆ ಬರುವವರೆಗೆ ಮನೆಯವರ ಜೀವ ಕೈಯಲ್ಲಿರುತ್ತಿತ್ತು.

ಪದಗಳು ಬದಲಾಗುವುದಕ್ಕೆ ಪಕ್ಕದ ಊರೇ ಸಾಕ್ಷಿ. ಚೀಫ್ ಕಮಿಷನರ್ ಬೌರಿಂಗ್‌ನ ಹೆಸರಿನ ‘ಬೌರಿಂಗ್‌ಪೇಟೆ’ ಈಗ ಬಂಗಾರಪೇಟೆ. ಬೌರಿಂಗ್ ಮರೆತುಹೋದ, ಬಂಗಾರ ಉಳಿಯಿತು. ‘ಚಾಂಪಿಯನ್’ ಪದದ ಅಕ್ಷರ ಉಳಿದಿದೆ, ಅರ್ಥ ಮರೆಯಾಗುತ್ತಿದೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಳಗಿಳಿದು ದುಡಿದವರಲ್ಲಿ ಹೆಚ್ಚಿನವರು ಈಗ ಅಜ್ಜಂದಿರು. ತಮಿಳು, ತೆಲುಗು, ಕನ್ನಡದ ಜೊತೆ ಕಲೆತು ಅವರ ನಾಲಿಗೆಯ ಮೇಲಿದ್ದ ಕಸುಬಿನ ಮಾತುಗಳಲ್ಲಿ ಎಷ್ಟೋ ಯಾವ ನಿಘಂಟಿನಲ್ಲೂ ಇಲ್ಲ. ಸೈನೈಡ್ ದಿಬ್ಬಗಳನ್ನು ಯಾರು ಬೇಕಾದರೂ ನೋಡಬಹುದು. ಮಾತುಗಳನ್ನು ಕೇಳಿಯೇ ತಿಳಿಯಬೇಕು. ಗಣಿನಾಡಿನ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅಜ್ಜನ ಪಕ್ಕ ಕುಳಿತರೆ ಸಾಕು. ಪದ, ಅದರ ಅರ್ಥ, ಅದನ್ನು ಬಳಸುತ್ತಿದ್ದ ಸಂದರ್ಭ, ಹೇಳಿದವರ ಹೆಸರು, ಇಷ್ಟನ್ನು ಬರೆದಿಟ್ಟುಕೊಂಡರೆ ಅದು ಒಂದು ಒಳ್ಳೆಯ ಶಬ್ದಕೋಶದ ಮೊದಲ ಪುಟವಾಗುತ್ತದೆ.