ನಿಮಗಿದು ಗೊತ್ತೆ? ತಿಳಿನೀರೂ ಕೋಯಿ ಮೀನಿಗೆ ವಿಷವಾಗಬಹುದು!

ಹಿತ್ತಲ ಕೊಳದ ತಳದ ಕಲ್ಲುಗಳು ಕಾಣುವಷ್ಟು ನೀರು ತಿಳಿಯಾಗಿದ್ದರೂ ಕೋಯಿ ಮೀನುಗಳು ಮಂಕಾಗಿ ಮೂಲೆ ಸೇರಬಹುದು. ಇದಕ್ಕೆ ಕಣ್ಣಿಗೆ ಕಾಣದ ಅಮೋನಿಯಾ ಕಾರಣವಾಗಿರಬಹುದು.

● ಮೀನು ಅಮೋನಿಯಾವನ್ನು ಹೆಚ್ಚಾಗಿ ಹೊರಹಾಕುವುದು ಕಿವಿರುಗಳ ಮೂಲಕ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆಗಳಿಂದಲೂ ಅದು ಹುಟ್ಟುತ್ತದೆ.

● ಫಿಲ್ಟರ್ ಸ್ಪಂಜಿಗೆ ಅಂಟಿದ ಕಂದು ಲೋಳೆ ಬರೀ ಕೊಳೆಯಲ್ಲ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ.

● ಕ್ಲೋರಿನ್ ಬೆರೆತ ನಲ್ಲಿ ನೀರಲ್ಲಿ ಸ್ಪಂಜು ತೊಳೆದರೆ ಈ ಉಪಕಾರಿ ಜೀವಿಗಳು ಸಾಯುತ್ತವೆ. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿ, ಅದರಲ್ಲಿ ಅದ್ದಿ ಹಿಂಡಿದರೆ ಸಾಕು.

● ಕೋಯಿಗೆ ಜಠರವೇ ಇಲ್ಲ! ಹಾಗಾಗಿ ಒಮ್ಮೆಗೇ ರಾಶಿ ಸುರಿಯದೆ, 5 ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನೇ ಹಾಕಿ.

● ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಬೇಸಿಗೆಯ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ತಡಮಾಡದೆ ಏರ್ ಪಂಪ್ ಹಾಕಿ.

● ಜಪಾನಿನ ನೀಗಾಟದ ರೈತರು 19ನೇ ಶತಮಾನದಲ್ಲಿ ಊಟಕ್ಕೆಂದು ಸಾಕಿದ ಕಾರ್ಪ್ ಮೀನುಗಳಲ್ಲೇ ಬಣ್ಣದವನ್ನು ಆರಿಸಿ ಬೆಳೆಸಿದರು. ಇಂದಿನ ಕೋಯಿ ಅವುಗಳ ಸಂತತಿ.