ಚಳಿ ಬಾರದ ಹಿಂಗಾರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹಿಂಗಾರಿ ಬೆಳೆಗಳು ಮಳೆ ಹಿಂದೆ ಸರಿದ ಮೇಲೆ ಬೆಳೆಯುವಂಥವು. ಬಿಳಿಜೋಳ, ಕಡಲೆ, ಗೋಧಿ, ಕುಸುಬೆಗಳಿಗೆ ಬೇಕಾದ ನೀರು ಎರಿ ಮಣ್ಣಿನೊಳಗೆ ಇರುತ್ತದೆ. ಹಿಮದ ನಾಡುಗಳಲ್ಲಿ ಮುಂದಿನ ಬೆಳೆಯ ನೀರನ್ನು ಹಿಮ ಕಾದಿಡುತ್ತದೆ. ಇಲ್ಲಿ ಆ ಕೆಲಸ ಎರಿ ಹೊಲದ್ದು. ಚಳಿ ಚೆನ್ನಾಗಿದ್ದರೆ ಆ ತೇವ ಕಾಳು ಕಟ್ಟುವತನಕ ಬಾಳುತ್ತದೆ. ಚಳಿ ಕೈಕೊಟ್ಟ ವರ್ಷ ಅದು ಬೇಗ ಆರಿ, ನೆಲ ಅವಧಿಗೆ ಮೊದಲೇ ಬಿರಿಯುತ್ತದೆ.

ಚಳಿ ಕಟ್ಟುವುದು ನಿರ್ಮಲ ಆಕಾಶದ ರಾತ್ರಿಗಳಲ್ಲಿ. ಹಗಲು ಕಾದ ನೆಲ ರಾತ್ರಿ ಶಾಖವನ್ನು ಬಿಟ್ಟುಕೊಡುತ್ತದೆ, ಒಣ ಗಾಳಿ ಅದನ್ನು ತಡೆಯುವುದಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ, ತೇವದ ಗಾಳಿ ಒಳನಾಡಿಗೆ ಬಂದರೆ ಶಾಖ ಕೆಳಗೇ ಉಳಿದು ರಾತ್ರಿ ಬೆಚ್ಚಗಾಗುತ್ತದೆ. ಇದರ ಹಿಂದೆ ದೀರ್ಘಕಾಲದ ತಾಪ ಏರಿಕೆಯೂ ಇದೆ. 1901ರಿಂದೀಚಿನ ದಾಖಲೆಯಲ್ಲಿ ಭಾರತದ ಹಗಲಿನ ಸರಾಸರಿ ಉಷ್ಣಾಂಶ ಅತಿ ಹೆಚ್ಚಿದ್ದ ಫೆಬ್ರುವರಿ 2023ರದು. ಅದೇ ವರ್ಷ ಮುಂಗಾರು ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಮಳೆಯೂ ಇಲ್ಲ, ಚಳಿಯೂ ಇಲ್ಲವೆಂದರೆ ಎರಿ ಹೊಲಕ್ಕೆ ಎರಡು ಕಡೆಯಿಂದಲೂ ಪೆಟ್ಟು.

ಎಲ್ಲ ಬೆಳೆಗೂ ಪೆಟ್ಟು ಒಂದೇ ತೆರನಾಗಿ ಬೀಳುವುದಿಲ್ಲ. ಹೆಚ್ಚು ಸೋಲುವುದು ಗೋಧಿ. ಬೆಚ್ಚನೆಯ ರಾತ್ರಿಯಲ್ಲಿ ಗಿಡ ಹಗಲು ಗಳಿಸಿದ್ದನ್ನು ಉಸಿರಾಟದಲ್ಲೇ ಕಳೆಯುತ್ತದೆ. ತೆನೆ ಬೇಗ ಬಲಿತು ಕಾಳು ಸಣಕಲಾಗುತ್ತದೆ. ಜಗತ್ತಿನ ಲೆಕ್ಕದಲ್ಲಿ ಒಂದು ಡಿಗ್ರಿ ಏರಿಕೆಗೆ ಗೋಧಿಯ ಇಳುವರಿ ಸುಮಾರು ಶೇ. 6 ಇಳಿಯುತ್ತದೆಂದು ಅಂದಾಜಿದೆ. ಜೋಳದ ವಿಚಾರ ಬೇರೆ. ಹೂಬಿಡುವಾಗ ಕಡು ಚಳಿ ಹಿಡಿದರೆ ಕಾಳು ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಹದವಾದ ಚಳಿ ಅದಕ್ಕೆ ನಷ್ಟವಲ್ಲ. ತೇವ ಆರುವುದೊಂದೇ ಅದರ ಕಷ್ಟ.

ಕಡಲೆ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕಾಲು ಉರಿಯುತ್ತದೆ. ಎಲೆಯ ಮೇಲಿನ ಸಣ್ಣ ಕೂದಲುಗಳಿಂದ ಜಿನುಗುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳ ಹುಳಿ ಅದಕ್ಕೆ ಕಾರಣ. ಈ ಬೆಳೆಗೆ ಮೋಡವೇ ದೊಡ್ಡ ಭಯ: ಮೋಡ ಕವಿದ ದಿನಗಳಲ್ಲಿ ಕಾಯಿಕೊರಕ ಕೀಡಿ ಹೆಚ್ಚುತ್ತದೆ. ಹೂವಿನ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದರೆ ಹೂ ಉದುರಿ ಕಾಯಿ ಕಡಿಮೆಯಾಗುತ್ತದೆ.

ಹೊಂದಿಕೊಳ್ಳುವ ಕೆಲಸ ಬಿತ್ತನೆಗೂ ಮೊದಲೇ ಶುರುವಾಗುತ್ತದೆ. ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ ಮುಂಗಾರಿನ ನೀರನ್ನು ಅಲ್ಲಲ್ಲೇ ಇಂಗಿಸಬೇಕು. 1933ರಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಆರಂಭವಾದಾಗಿನಿಂದಲೂ ಈ ಸೀಮೆಯ ಕೃಷಿ ಸಲಹೆಯ ತಿರುಳು ತೇವ ಉಳಿಸುವುದೇ. ಜೋಳವನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತಬೇಕು. ತಡವಾದರೆ ತೇವವೂ ತಪ್ಪುತ್ತದೆ, ಸುಳಿನೊಣದ ಕಾಟವೂ ಹೆಚ್ಚುತ್ತದೆ. ಬೆಳೆ ನಿಂತ ಮೇಲೆ ಎಡೆ ಹೊಡೆಯುತ್ತಲೇ ಇರಬೇಕು. ಎಡೆಕುಂಟೆ ಕಳೆ ತೆಗೆಯುವುದರ ಜೊತೆಗೆ ಬಿರುಕುಗಳನ್ನು ಪುಡಿಮಣ್ಣಿನಿಂದ ಮುಚ್ಚುತ್ತದೆ, ತೇವ ಮೇಲೆದ್ದು ಆರುವುದು ಅಲ್ಲಿಗೆ ನಿಲ್ಲುತ್ತದೆ. ಕಾಸಿನ ಖರ್ಚು ಕಡಿಮೆ, ಫಲ ಹೆಚ್ಚು. ಆದರೆ ಎತ್ತು ಕಡಿಮೆಯಾದ ಕಡೆ ಮೊದಲು ಬಿಟ್ಟುಹೋಗುವುದೂ ಇದೇ ಕೆಲಸ. ಕಡಲೆಯಲ್ಲಿ ಜೆಜಿ-11ರಂಥ ಅಲ್ಪಾವಧಿ ತಳಿ ಬಿಸಿಲಿಗೆ ಮೊದಲೇ ಕೈಗೆ ಬರುತ್ತದೆ. ಬೀಜದೊಂದಿಗೆ ಹಿಡಿಯಷ್ಟು ಜೋಳ ಬೆರೆಸಿ ಬಿತ್ತಿದರೆ ಆ ದಂಟಿನ ಮೇಲೆ ಹಕ್ಕಿ ಕೂತು ಕೀಡಿ ಹೆಕ್ಕುತ್ತದೆ.

ನೀರಾವರಿಯ ಕಬ್ಬಿಗೂ ಚಳಿ ಬೇಕು. ತಂಪು ರಾತ್ರಿಗಳಲ್ಲಿ ಕಬ್ಬಿನ ಬೆಳವಣಿಗೆ ನಿಧಾನವಾಗಿ, ಸಕ್ಕರೆ ದಂಟಿನಲ್ಲಿ ಸಂಗ್ರಹವಾಗುತ್ತದೆ. ಬೆಚ್ಚನೆಯ ಚಳಿಗಾಲದಲ್ಲಿ ಕಬ್ಬು ಬೆಳೆಯುತ್ತಲೇ ಹೋಗಿ ರಸ ತೆಳುವಾಗಿಯೇ ಉಳಿಯುತ್ತದೆ; ಕಾರ್ಖಾನೆಯ ಸಕ್ಕರೆ ಇಳುವರಿಗೂ ಮಹಾಲಿಂಗಪುರದ ಪೇಟೆಗೆ ಹೋಗುವ ಬೆಲ್ಲಕ್ಕೂ ಇದು ತಟ್ಟುತ್ತದೆ. ಇಂಥ ವರ್ಷ ತಾರೀಖು ನೋಡಿ ಕಡಿಯುವ ಬದಲು ರಿಫ್ರ್ಯಾಕ್ಟೋಮೀಟರಿನಿಂದ ಬುಡದ ಮತ್ತು ತುದಿಯ ರಸದ ಬ್ರಿಕ್ಸ್, ಅಂದರೆ ಸಿಹಿಯ ಮಟ್ಟ, ಅಳೆಯಬೇಕು. ಎರಡೂ ಸರಿಸುಮಾರು ಒಂದೇ ಬಂದರೆ ಕಬ್ಬು ಹಣ್ಣಾಗಿದೆ ಎಂದರ್ಥ. ಕಡಿತಕ್ಕೆ ಕೆಲ ವಾರ ಮೊದಲೇ ನೀರು ನಿಲ್ಲಿಸಿದರೆ ಚಳಿಯ ಕೊರತೆ ಒಂದಿಷ್ಟು ತುಂಬುತ್ತದೆ.