ಕೆರೆಗೆ ಎಷ್ಟು ಕೊಡ್ತೀರಿ?

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಚಪ್ಪಲಿ ಕೇಳಿದಾಗ ವ್ಯಾಪಾರಿ ‘ಆರುನೂರು’ ಅಂದರೆ ನಾವು ‘ನಾನೂರಕ್ಕೆ ಕೊಡಿ’ ಅನ್ನುತ್ತೇವೆ. ಅದೇ ಜೋಡಿಗೆ ‘ಮುನ್ನೂರು’ ಅಂದಿದ್ದರೆ ನಮ್ಮ ಬಾಯಿಗೆ ಬರುತ್ತಿದ್ದದ್ದು ಇನ್ನೂರು. ಚೌಕಾಸಿಯಲ್ಲಿ ಈ ಎಳೆತ ಎಲ್ಲರಿಗೂ ಗೊತ್ತು. ಸಮೀಕ್ಷೆಯ ಹಾಳೆ ಕೈಗೆ ಬಂದಾಗ ಮರೆತುಬಿಡುತ್ತೇವೆ.

ಜೆ.ಪಿ. ನಗರದ ಸಾರಕ್ಕಿ ಕೆರೆಯನ್ನೇ ನೋಡಿ. 2015ರಲ್ಲಿ ಅದರ ಒತ್ತುವರಿ ತೆರವಾಯಿತು. ಅಲ್ಲಿನ ಗಾಳಿ, ಹಕ್ಕಿ, ಬೆಳಗಿನ ವಾಕಿಂಗ್ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಇಂಥವಕ್ಕೆ ಬೆಲೆ ಕಟ್ಟಲು ಅರ್ಥಶಾಸ್ತ್ರಜ್ಞರು ಜನರನ್ನೇ ಕೇಳುತ್ತಾರೆ: ಉಳಿಸಲು ಎಷ್ಟು ಕೊಡುತ್ತೀರಿ?

ನಂಬಿಕೆ: ಮನಸ್ಸಿನಲ್ಲಿ ಒಂದು ಮೊತ್ತ ಇದ್ದೇ ಇರುತ್ತದೆ, ಹೇಗೆ ಕೇಳಿದರೂ ಅದೇ ಹೊರಬರುತ್ತದೆ.

ನಿಜ: ಕೆರೆಗೆ ದುಡ್ಡು ಕಟ್ಟಿ ನಮಗೆ ರೂಢಿಯಿಲ್ಲ. ‘ಎಷ್ಟು?’ ಎಂದು ಜಾಗ ಖಾಲಿ ಬಿಟ್ಟರೆ ಎಷ್ಟೋ ಜನ ಸೊನ್ನೆ ಬರೆಯುತ್ತಾರೆ, ಇಲ್ಲವೇ ಉತ್ತರಿಸುವುದೇ ಇಲ್ಲ. ‘200 ರೂಪಾಯಿ ಕೊಡ್ತೀರಾ?’ ಎಂದು ಕೇಳಿದರೆ, ಸಮೀಕ್ಷೆಗೆ ಬಂದು ಬಿಸಿಲಲ್ಲಿ ನಿಂತ ಹುಡುಗಿಗೆ ಇಲ್ಲ ಅನ್ನಲು ದಾಕ್ಷಿಣ್ಯ. ‘ಕೊಡೋಣ ಬಿಡಮ್ಮ’ ಅಂದುಬಿಡುತ್ತೇವೆ. ಹೌದು–ಇಲ್ಲ ಪ್ರಶ್ನೆಯಿಂದ ಬರುವ ಸರಾಸರಿ ಸಾಮಾನ್ಯವಾಗಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಹರಾಜಿನಂತೆ ಏರಿಸುತ್ತ ಹೋದರಂತೂ 100ರಿಂದ ಶುರು ಮಾಡಿದವರೂ 500ರಿಂದ ಶುರು ಮಾಡಿದವರೂ ಬೇರೆ ಬೇರೆ ಕಡೆ ನಿಲ್ಲುತ್ತಾರೆ.

ನಂಬಿಕೆ: ಹೆಚ್ಚು ಉಳಿಯುತ್ತದೆ ಅಂದರೆ ಜನ ಹೆಚ್ಚು ಹಣ ಹೇಳುತ್ತಾರೆ.

ನಿಜ: ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ, ಎಣ್ಣೆಹೊಂಡಗಳಲ್ಲಿ ಸಾಯುವ ವಲಸೆ ಹಕ್ಕಿಗಳ ಬಗ್ಗೆ ಮೂರು ಗುಂಪುಗಳನ್ನು ಕೇಳಿದರು. 2,000 ಹಕ್ಕಿಗೆ ಸರಾಸರಿ 80 ಡಾಲರ್, 20,000ಕ್ಕೆ 78, ಎರಡು ಲಕ್ಷಕ್ಕೆ 88. ಹಕ್ಕಿ ನೂರು ಪಟ್ಟು ಹೆಚ್ಚಿದರೂ ಹಣ ಅಲ್ಲೇ ಇತ್ತು. ಸಾರಕ್ಕಿ ಒಂದಕ್ಕೆ ಹೇಳಿದ ಮೊತ್ತವನ್ನು ಊರಿನ ಕೆರೆಗಳಿಗೆಲ್ಲ ಗುಣಿಸುವವರಿಗೆ ಈ ಲೆಕ್ಕ ತೋರಿಸಬೇಕು.

ನಂಬಿಕೆ: ಹಾಗಾದರೆ ಇಂಥ ಸಮೀಕ್ಷೆಯೇ ದಂಡ.

ನಿಜ: ಇದನ್ನು ನಾನು ಒಪ್ಪುವುದಿಲ್ಲ. ಕೇಳದೇ ಬಿಟ್ಟರೆ ಕಡತದಲ್ಲಿ ಕೆರೆಯ ಬೆಲೆ ಸೊನ್ನೆಯಾಗಿಯೇ ಉಳಿಯುತ್ತದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಸೋರಿದ ಮೇಲೆ ಇದೇ ಜಗಳ ಎದ್ದಿತ್ತು. ನೊಬೆಲ್ ಪಡೆದ ಕೆನೆತ್ ಆರೋ, ರಾಬರ್ಟ್ ಸೋಲೋ ಇದ್ದ ಸಮಿತಿ 1993ರಲ್ಲಿ ಹೇಳಿದ್ದು: ಮುಖಾಮುಖಿ ಕೇಳಿ, ಮತದಾನದಂತೆ ಕೇಳಿ, ಆ ಹಣ ಮನೆಯ ಬೇರೆ ಖರ್ಚಿನಿಂದಲೇ ಬರಬೇಕೆಂದು ನೆನಪಿಸಿ.

ಸಾರಕ್ಕಿಯಲ್ಲಾದರೆ ಹೀಗೆ: ‘ಆಸ್ತಿ ತೆರಿಗೆ ಜೊತೆ ವರ್ಷಕ್ಕೆ 300 ರೂಪಾಯಿ ಸೇರುತ್ತೆ. ಅಷ್ಟು ಹಣ ಬೇರೆ ಖರ್ಚಿಗೆ ಇರಲ್ಲ. ಒಪ್ಪಿ ಮತ ಹಾಕ್ತೀರಾ?’ ಇದೇ ಪ್ರಶ್ನೆಯನ್ನು ಪಕ್ಕದ ಮನೆಯಲ್ಲಿ 100 ಎಂದು, ಎದುರು ಮನೆಯಲ್ಲಿ 600 ಎಂದು ಕೇಳಬೇಕು. ‘ಯೋಚನೆ ಮಾಡಿ ಹೇಳ್ತೀನಿ’ ಅನ್ನುವ ಅಜ್ಜಿಗೂ ಹಾಳೆಯಲ್ಲಿ ಒಂದು ಚೌಕ ಇರಬೇಕು. ಆ ಸಮಿತಿ ಅದನ್ನೂ ಹೇಳಿತ್ತು.